ಸುಣ್ಣದ ಮಣ್ಣಲ್ಲಿ ಹೂತ ಗುದ್ದಲಿ

ಮೇ ೧೯, ಸೋಮವಾರ. ನುರಾತಾ.

ಟೊಮೆಟೊ ಸಸಿಗಳ ಚಿಗುರು ಇನ್ನಷ್ಟು ಹಳದಿಯಾಗಿದೆ, ನರಗಳಷ್ಟೇ ಹಸಿರು. ನಮ್ಮವರು ತೀರಿಕೊಳ್ಳುವ ಮೊದಲು ತಾವೇ ತೆಗೆದಿಟ್ಟ ಬೀಜ ಇದು, ಬೇರೆ ಉಳಿದಿಲ್ಲ. ಗಿಡಕ್ಕೆ ಕಬ್ಬಿಣ ಸಾಲದು ಎಂದು ಯಾರೋ ಹೇಳಿದ್ದಕ್ಕೆ ಅವರ ಗುದ್ದಲಿಯ ಅಲಗನ್ನೇ ಬುಡದಲ್ಲಿ ಹೂತಿದ್ದೆ. ಸಂಜೆ ಮೈದುನ ಖೋಲ್ಮುರಾದ್ ಅದನ್ನು ಕಂಡು ನಕ್ಕುಬಿಟ್ಟ.

"ಅತ್ತಿಗೆ, ಈ ಮಣ್ಣಲ್ಲಿ ಕಬ್ಬಿಣಕ್ಕೇನು ಬರ? ಸುಣ್ಣ ಅದನ್ನ ಬಿಗಿಯಾಗಿ ಹಿಡ್ಕೊಂಡು ಬೇರಿಗೆ ಬಿಡ್ತಿಲ್ಲ. ಹಸಿದೋರಿಗೆ ಬೀಗ ಹಾಕಿದ ಕಣಜ ತೋರಿಸಿದಂಗಾಯ್ತು!"

"ಮತ್ತೇನು ಮಾಡ್ಲಪ್ಪ?"

"ಎಲೆಗೇ ಉಣಿಸ್ಬೇಕು."

ಬಿಸಿಲು ಇಳಿದ ಮೇಲೆ ಕಬ್ಬಿಣದ ಔಷಧಿಯನ್ನು ನೀರಲ್ಲಿ ಕಲಸಿ ಎಲೆಗಳಿಗೆ ಸಿಂಪಡಿಸಿದ. ಹೊಸ ಚಿಗುರು ಹಸಿರಾಗಿ ಬರುತ್ತದಂತೆ. ಅಲಗನ್ನು ಅಗೆದು ತೆಗೆದು, ತೊಳೆದು ನನ್ನ ಕೈಗಿಡುವಾಗ ಅವನೂ ನಗಲಿಲ್ಲ. ನಮ್ಮವರು ಎಡಗೈಯವರು, ಅಲಗು ಒಂದೇ ಕಡೆ ಸವೆದಿದೆ.

ಪ್ರತಿ ವರ್ಷ ಮೊದಲ ಹಣ್ಣನ್ನು ಅವರೇ ಹೆಚ್ಚಿ, ಉಪ್ಪು ಉದುರಿಸಿ, ದೊಡ್ಡ ಪಾಲನ್ನು ನನ್ನ ರೊಟ್ಟಿಯ ಮೇಲಿಡುತ್ತಿದ್ದರು. ಗಿಡಗಳು ಬದುಕಲಿ, ಬದುಕಲೇಬೇಕು. ಆದರೆ ಹಣ್ಣಾದ ದಿನ, ಇಡೀ ಹಣ್ಣನ್ನು ನಾನೊಬ್ಬಳೇ ಹೇಗೆ ತಿನ್ನಲಿ?