ನಿನ್ನ ಹೆಸರಿನ ಕಾಗದ

ಡೊಂಬಿವಲಿ ಪೂರ್ವ
ರವಿವಾರ, 1 ಡಿಸೆಂಬರ್ 1996

ಪ್ರೀತಿಯ ಅಕ್ಕ ಅನಸೂಯಾಳಿಗೆ,

ನಿನ್ನ ತಂಗಿ ದೂರದಿಂದಲೇ ಕಾಲು ಮುಟ್ಟಿ ನಮಸ್ಕರಿಸುತ್ತಾಳೆ. ಇಲ್ಲಿ ಅಪ್ಪ, ಅವ್ವ, ನಾನು ಆರಾಮವಾಗಿದ್ದೇವೆ. ಅಜ್ಜಿ ಕೋಲು ಹಿಡಿದು ಅಂಗಳದವರೆಗೆ ಬರುತ್ತಾಳೆ ಎಂದು ನೀನು ಬರೆದಿದ್ದನ್ನು ಅವ್ವನಿಗೆ ಓದಿ ಹೇಳಿದೆ. ಮತ್ತೊಮ್ಮೆ ಓದು ಅಂದಳು. ಮತ್ತೊಮ್ಮೆ ಓದಿದೆ.

ನಿನ್ನ ಪತ್ರ ದಸರೆಗೆ ಮೊದಲೇ ಬಂತು. ಉತ್ತರ ಬರೆಯಲು ಇಷ್ಟು ತಡವಾಯಿತು. ಪರೀಕ್ಷೆ ಇತ್ತು, ಜ್ವರ ಬಂದಿತ್ತು ಎಂದೆಲ್ಲ ಎರಡು ಸಲ ಬರೆದು ಹರಿದು ಹಾಕಿದೆ. ನಿಜವಾದ ಕಾರಣ ಹೆದರಿಕೆ. ಈಗಲೂ ಹೆದರಿಕೆಯಲ್ಲೇ ಬರೆಯುತ್ತಿದ್ದೇನೆ. ಅಪ್ಪ ಎಂಐಡಿಸಿಯ ಕಾರ್ಖಾನೆಗೆ ಲೋಡಿಂಗ್ ಕೆಲಸಕ್ಕೆ ಹೋಗಿದ್ದಾನೆ, ಅವ್ವ ನಲ್ಲಿಯ ಸಾಲಿನಲ್ಲಿ ನಿಂತಿದ್ದಾಳೆ. ಬಾಗಿಲಿಗೆ ಚಿಲಕ ಹಾಕಿಕೊಂಡಿದ್ದೇನೆ. ಅಕ್ಷರ ದೊಡ್ಡದಾಗಿ ಬರೆಯುತ್ತೇನೆ, ನೀನೇ ಓದು. ಓದಿ ಹೇಳಲು ನಿನ್ನ ಸತ್ಯಮ್ಮ ಟೀಚರರ ಕೈಗೆ ಕೊಡಬೇಡ. ಒಂದೇ ದಿನಕ್ಕೆ ಮುಗಿಯದಿದ್ದರೆ ಎರಡು ದಿನ ಓದು.

ನೀನು ಕೇಳಿದ್ದು ಒಂದೇ ವಸ್ತು. ಸತ್ಯಮ್ಮ ಟೀಚರರ ಸಂಜೆ ಶಾಲೆಯಲ್ಲಿ ಕಲಿತು, ಈ ವರ್ಷ ಹೊರಗಿನಿಂದ ಏಳನೆಯ ಪರೀಕ್ಷೆಗೆ ಕೂರುತ್ತೇನೆ; ಅದಕ್ಕೆ ನಾನು ಒಂದನೆಯತ್ತೆ ಪಾಸಾದಾಗ ಊರ ಶಾಲೆಯಲ್ಲಿ ಕೊಟ್ಟ ಟಿ.ಸಿ. ಬೇಕು, ಹೆಡ್ ಮಾಸ್ತರರು ‘ಒಮ್ಮೆ ಕೊಟ್ಟಾಗಿದೆ, ಅದನ್ನೇ ತಗೊಂಡು ಬಾ’ ಅನ್ನುತ್ತಾರೆ, ಅಪ್ಪನ ಪೆಟ್ಟಿಗೆಯಲ್ಲಿ ಇದ್ದೀತು, ಹುಡುಕಿ ಕಳಿಸು, ಡಿಸೆಂಬರ್ ಮುಗಿಯುವುದರೊಳಗೆ ಅರ್ಜಿ ಕೊಡಬೇಕು. ಇಷ್ಟೇ ನೀನು ಬರೆದಿದ್ದೆ.

ಅಕ್ಕ, ಆ ಕಾಗದ ಪೆಟ್ಟಿಗೆಯಲ್ಲಿಲ್ಲ. ಎಂಟು ವರ್ಷಗಳಿಂದ ಅದು ನನ್ನ ಶಾಲೆಯ ಆಫೀಸಿನ ಕಪಾಟಿನಲ್ಲಿದೆ. ಆ ಕಾಗದದ ಮೇಲೆಯೇ ನಾನು ಹತ್ತನೆಯತ್ತೆಯವರೆಗೆ ಬಂದಿದ್ದೇನೆ. ಮನೆಯಲ್ಲಿ ಮಾತ್ರ ನಾನು ಸಾಬವ್ವ. ಶಾಲೆಯಲ್ಲಿ ನನ್ನ ಹೆಸರು ಅನಸೂಯಾ.

ಇದನ್ನು ಬರೆದು, ಎದ್ದು ಹೋಗಿ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ನೋಡಿ ಬಂದೆ.

ಯಾರೂ ಕೂತು ಮಾಡಿದ ಮೋಸವಲ್ಲ ಇದು, ಕನಿಷ್ಠ ಮೊದಲಿಗೆ ಅಲ್ಲ. ನಮ್ಮಿಬ್ಬರನ್ನೂ ಕರೆದುಕೊಂಡು ಬರಬೇಕೆಂದೇ ಅಪ್ಪ ನಿನ್ನ ಟಿ.ಸಿ. ತೆಗೆಸಿದ್ದ. ಹೊರಡುವ ವಾರ ಅಜ್ಜಿ ಬಿದ್ದು ಸೊಂಟ ಮುರಿಯಿತು. ‘ಎರಡು ತಿಂಗಳು ನೀನು ಇಲ್ಲೇ ಇರು’ ಎಂದು ನಿನ್ನನ್ನು ಬಿಟ್ಟು ಬಂದೆವು. ಇಲ್ಲಿ ಅಪ್ಪ, ಅವ್ವ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು, ನಾನು ಮರಳಿನ ಗುಡ್ಡೆಯ ಮೇಲೆ ಆಡುತ್ತಿದ್ದೆ. ಒಂದು ದಿನ ನನ್ನ ಪಕ್ಕದಲ್ಲೇ ಮೇಲಿನಿಂದ ಸಲಾಕೆ ಬಿತ್ತು. ಮರುದಿನವೇ ಅಪ್ಪ ನನ್ನನ್ನು ಕನ್ನಡ ಶಾಲೆಗೆ ಎಳೆದುಕೊಂಡು ಹೋದ. ಅಲ್ಲಿ ಹುಟ್ಟಿದ ತಾರೀಖಿನ ಕಾಗದ ಕೇಳಿದರು. ನಾನು ಹೊಲದ ಗುಡಿಸಲಿನಲ್ಲಿ ಹುಟ್ಟಿದವಳು, ನನಗೆ ಯಾವ ಕಾಗದ? ಅಪ್ಪನ ಕಿಸೆಯಲ್ಲಿದ್ದ ಕಾಗದ ಒಂದೇ. ಅದನ್ನೇ ಕೊಟ್ಟ. ಹಾಗೆ ನಾನು ಆರನೆಯ ವಯಸ್ಸಿಗೆ, ಅ ಆ ಬಾರದೆ, ಎರಡನೆಯತ್ತೆಯಲ್ಲಿ ಕೂತೆ. ಹಾಜರಿ ಕೂಗುವಾಗ ‘ಅನಸೂಯಾ’ ಅಂದರೆ ನೀನು ಬಂದೆಯೋ ಎಂದು ಬಾಗಿಲ ಕಡೆ ನೋಡುತ್ತಿದ್ದೆ. ಟೀಚರು ಸ್ಕೇಲಿನಿಂದ ತಲೆಗೆ ತಟ್ಟುತ್ತಿದ್ದರು. ಮಕ್ಕಳು ನನ್ನನ್ನು ಕಿವುಡಿ ಅಂದುಕೊಂಡಿದ್ದರು.

ನಮ್ಮೂರ ಮಾಸ್ತರರಿಗೆ ಶಾಲೆಗೆ ಸೇರಿದ ಮಕ್ಕಳೆಲ್ಲ ಜೂನ್ ಒಂದಕ್ಕೇ ಹುಟ್ಟಿದವರಲ್ಲವೇ? ನಿನ್ನ ಕಾಗದದಲ್ಲೂ ಅದೇ ಇದೆ, 1 ಜೂನ್ 1980. ಈ ವರ್ಷ ಆ ದಿನ ನನ್ನ ಗೆಳತಿಯರು ಕೇಕು ತಂದು ನನ್ನ ಮುಖಕ್ಕೆ ಬಳಿದರು. ನಿನ್ನ ಹೆಸರು, ಮಾಸ್ತರರ ತಾರೀಖು, ನನ್ನ ಮುಖ. ನಾನೂ ನಕ್ಕೆ.

ಆ ಗೆಳತಿಯರು ನಮ್ಮ ಖೋಖೋ ಟೀಮಿನವರು. ನಾನು ಆಡುತ್ತೇನೆ ಎಂದು ಹಿಂದೆ ಬರೆದಿದ್ದೆ, ಎಷ್ಟು ಎಂದು ಬರೆದಿರಲಿಲ್ಲ. ಹನ್ನೆರಡು ಜನ ಇದ್ದೇವೆ, ಒಂದು ಸಲಕ್ಕೆ ಒಂಬತ್ತು ಜನ ಆಡುವುದು. ನಾನು ಕಂಬದ ಹತ್ತಿರ ಡೈವ್ ಹೊಡೆದು ಔಟ್ ಮಾಡುವವಳು. ಅಂಗಳಕ್ಕೆ ಇಳಿದರೆ ಹೆದರಿಕೆ ಮರೆತು ಹೋಗುತ್ತದೆ, ಏಕೆಂದರೆ ಅಲ್ಲಿ ಯಾರೂ ಹೆಸರು ಕೂಗುವುದಿಲ್ಲ. ಬೆನ್ನಿಗೆ ಕೈ ತಾಗುತ್ತದೆ, ‘ಖೋ’ ಅನ್ನುತ್ತಾರೆ, ಎದ್ದು ಓಡಬೇಕು. ಮೂರು ವರ್ಷದಿಂದ ಈ ಹುಡುಗಿಯರ ಕೈ ನನ್ನ ಬೆನ್ನಿಗೆ ಗೊತ್ತು. ನೋಡದೆ ಹೇಳುತ್ತೇನೆ, ಇದು ಅಮಿತಾ, ಇದು ಬಾಗಿ ಎಂದು. ಅಮಿತಾ ನಮ್ಮ ಕ್ಯಾಪ್ಟನ್. ಅವಳ ಅಪ್ಪ ಸ್ಟೇಷನ್ ಹತ್ತಿರ ಹೋಟೆಲಿನಲ್ಲಿ ಮ್ಯಾನೇಜರ್. ಮನೆಯಲ್ಲಿ ತುಳು, ಟೀಮಿನಲ್ಲಿ ಹಿಂದಿ, ಕನ್ನಡ ಪೇಪರಿಗೆ ಮಾತ್ರ ಕನ್ನಡ.

ನನ್ನ ಗುರಿ ಏನೆಂದು ನೀನು ಎಂದೂ ಕೇಳಿಲ್ಲ, ಆದರೂ ಹೇಳುತ್ತೇನೆ. ರೈಲ್ವೆಯವರಿಗೆ ಹೆಂಗಸರ ಖೋಖೋ ಟೀಮ್ ಇದೆ. ಚೆನ್ನಾಗಿ ಆಡುವವರಿಗೆ ಕೆಲಸ ಕೊಡುತ್ತಾರೆ. ಕಲ್ಯಾಣದಲ್ಲಿ ಒಬ್ಬಳನ್ನು ನೋಡಿದ್ದೇನೆ, ಟಿಕೆಟ್ ಕಿಟಕಿಯ ಹಿಂದೆ ಫ್ಯಾನಿನ ಕೆಳಗೆ ಕೂತಿರುತ್ತಾಳೆ, ಸಂಜೆ ಆಡುತ್ತಾಳೆ. ನನಗೆ ಆ ಕಿಟಕಿ ಬೇಕು. ಅವ್ವನ ತಲೆಯಿಂದ ಇಟ್ಟಿಗೆ ಇಳಿಸಬೇಕು. ಇದರಲ್ಲಿ ನಿನಗೆ ಏನು ಎಂದು ಎಂದಾದರೂ ಯೋಚಿಸಿದ್ದೆನೇ? ಇಲ್ಲ. ಯೋಚಿಸಿದ್ದೇನೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು.

ಈಗ ಆಗಿದ್ದನ್ನು ಹೇಳುತ್ತೇನೆ. ದೀಪಾವಳಿ ಕಳೆದ ಮೇಲೆ ಠಾಣೆಯಲ್ಲಿ ವಯಸ್ಸಿನ ತಪಾಸಣೆ ಇತ್ತು. ಹದಿನೇಳರ ಒಳಗಿನವರ ಪಂದ್ಯಕ್ಕೆ ಕೆಲವರು ದೊಡ್ಡ ಹುಡುಗಿಯರನ್ನು ತರುತ್ತಾರೆ ಎಂದು ಒಬ್ಬ ಡಾಕ್ಟರನ್ನು ಕೂರಿಸಿದ್ದರು. ಅವರು ಟಾರ್ಚು ಬಿಟ್ಟು ಹಲ್ಲು ನೋಡುತ್ತಿದ್ದರು, ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ. ನನ್ನ ಬಾಯಿ ನೋಡಿದರು, ಕೈ ಮಣಿಕಟ್ಟು ಹಿಡಿದು ನೋಡಿದರು, ಕಾಗದ ನೋಡಿದರು, ಮತ್ತೆ ಬಾಯಿ ನೋಡಿದರು. ‘ಸಗಳೇ ವಯ್ ಲಪವತಾತ್, ಹೀ ವಾಢವೂನ್ ಆಣತೇ!’ ಎಂದು ಜೋರಾಗಿ ನಕ್ಕರು. ಎಲ್ಲರೂ ವಯಸ್ಸು ಮುಚ್ಚಿಡುತ್ತಾರೆ, ಇವಳು ಹೆಚ್ಚಿಸಿಕೊಂಡು ತಂದಿದ್ದಾಳೆ ಎಂದು. ಕಡಿಮೆ ಇದ್ದರೆ ತೊಂದರೆ ಇಲ್ಲ ಎಂದು ಸಿಕ್ಕಾ ಒತ್ತಿದರು. ಅಮಿತಾ ನನ್ನ ಜಡೆ ಎಳೆದು, ‘ಅರೇ ಅನು, ತೂ ತೋ ಬಚ್ಚೀ ನಿಕಲೀ! ಕಲ್ ಸೇ ದೂಧ್ ಪೀಕೇ ಆನಾ’ ಅಂದಳು, ನೀನಿನ್ನೂ ಕೂಸು, ನಾಳೆಯಿಂದ ಹಾಲು ಕುಡಿದು ಬಾ ಎಂದು. ಎಲ್ಲರೂ ನಕ್ಕರು. ನಾನು ಸಿಕ್ಕಾ ಬಿದ್ದ ಕಾಗದ ಮಡಿಸಿ ಚೀಲಕ್ಕೆ ತುರುಕಿದೆ.

ನಗದವರು ಒಬ್ಬರೇ, ನಮ್ಮ ಜಯಶೀಲ ಸರ್. ಮಂಗಳೂರು ಕಡೆಯವರು, ಪಿಟಿ ಕಲಿಸುತ್ತಾರೆ. ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಏನೂ ಕೇಳಲಿಲ್ಲ. ಡೊಂಬಿವಲಿಯ ಬ್ರಿಜ್ ಇಳಿಯುವಾಗ, ‘ನಿನಗೆ ಹದಿನಾಲ್ಕೇ ಆದದ್ದಾದರೆ ಇನ್ನೂ ಎರಡು ವರ್ಷ ಇದೇ ಗುಂಪಿನಲ್ಲಿ ಆಡಬಹುದು ಮಾರಾಯ್ತಿ. ಊರಿಂದ ಸರಿಯಾದ ಕಾಗದ ತರಿಸು. ಹತ್ತನೆಯ ಬೋರ್ಡಿನ ಫಾರ್ಮು ಹೋದ ಮೇಲೆ ಏನೂ ಮಾಡ್ಲಿಕ್ಕೆ ಆಗುವುದಿಲ್ಲ’ ಅಂದರು. ಖುಷಿಯಲ್ಲೇ ಹೇಳಿದರು. ಊರಿಂದ ಕಾಗದ! ನೀನು ನನ್ನಿಂದ ಕೇಳಿದೆ, ಅವರು ನಿಮ್ಮಿಂದ ತರಿಸು ಅಂದರು.

ಮನೆಗೆ ಬಂದು ನಿನ್ನ ಪತ್ರ, ಸರ್ ಮಾತು ಎರಡನ್ನೂ ಅಪ್ಪನ ಮುಂದೆ ಇಟ್ಟೆ. ಅಪ್ಪ ಊಟದ ತಾಟು ಸರಿಸಿದ. ‘ಬಾಯಿ ಬಿಟ್ಟಿ ಅಂದ್ರ ನನ್ನ ಜೇಲಿಗೆ ಹಾಕತಾರ, ನಿನ್ನ ಸಾಲ್ಯಾಗಿಂದ ಹೊರಗ ಹಾಕತಾರ. ಆ ಹೆಸರ ನಿನ್ನ ಮೈಗೆ ಹತ್ತೇತಿ. ಕಿತ್ತರ ತೊಗಲ ಸಮೇತ ಬರತೈತಿ.’

‘ಅಕ್ಕನ ಪರೀಕ್ಷಾ?’ ಅಂದೆ.

‘ಹದಿನಾರಾತು ಆಕಿಗೆ. ಮದವಿ ಮಾಡೂದೋ, ಪರೀಕ್ಷಾ ಬರಸೂದೋ?’

ಅವ್ವ ರೊಟ್ಟಿ ತಟ್ಟುತ್ತಲೇ ಹೇಳಿದಳು. ‘ಅಕ್ಕ ತಂಗಿ ಒಂದ ಕುಬಸ ಇಬ್ಬರೂ ತೊಟಗೋಳೂದಿಲ್ಲೇನ? ಹಂಗ ಇದು. ಯಾಕ ಅಷ್ಟ ಅಂಜತಿ?’

ಅಕ್ಕ, ಕುಪ್ಪಸವಾದರೆ ಒಗೆದು ವಾಪಸು ಕೊಡಬಹುದು. ಇದನ್ನು ನಾನು ಹೇಗೆ ಕೊಡಲಿ? ಫಾರ್ಮಿನಲ್ಲಿ ಬರೆದ ಹೆಸರು ಬೋರ್ಡಿನ ಸರ್ಟಿಫಿಕೇಟಿಗೆ ಬರುತ್ತದೆ. ಅಲ್ಲಿಂದ ರೈಲ್ವೆಗೆ, ರೇಷನ್ ಕಾರ್ಡಿಗೆ, ಎಲ್ಲಕ್ಕೂ. ಆಮೇಲೆ ನೀನು ಯಾರು? ಈ ಪ್ರಶ್ನೆ ಬಂದ ಮೇಲೆ ಆಡಲು ಆಗಲಿಲ್ಲ. ನಾಲ್ಕು ದಿನ ಅಂಗಳಕ್ಕೆ ಹೋಗಲಿಲ್ಲ. ಅಮಿತಾ ನಮ್ಮ ಚಾಳಿನ ಮನೆಗೇ ಬಂದು ಬಾಗಿಲಲ್ಲಿ ನಿಂತು ಬೈದಳು. ‘ನೌ ಮೇ ಸೇ ಏಕ್ ಗಯೀ ತೋ ಆಠ್ ನಹೀ ಬಚ್ತೇ, ಕುಛ್ ನಹೀ ಬಚ್ತಾ. ಸಮ್ಝೀ?’ ಒಬ್ಬಳು ಹೋದರೆ ಎಂಟು ಉಳಿಯುವುದಿಲ್ಲ, ಏನೂ ಉಳಿಯುವುದಿಲ್ಲ ಎಂದು. ಅವಳ ಕಣ್ಣಲ್ಲಿ ನೀರಿತ್ತು. ನಾನು ಹೊಟ್ಟೆನೋವು ಅಂದೆ.

ನಿನ್ನೆ ಸರ್‌ಗೆ ಹೇಳಿಬಿಟ್ಟೆ. ಎಲ್ಲ ಹೇಳಿದೆ. ಅವರು ಅಂಗಳದ ಕಲ್ಲಿನ ರೋಲರ್ ಮೇಲೆ ಕೂತರು. ಬಹಳ ಹೊತ್ತು ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಿದ್ದರು.

‘ನೀನು ನನಗೆ ಹೇಳ್ಬಾರದಿತ್ತು. ಈಗ ನನಗೂ ಗೊತ್ತಾಯಿತಲ್ಲ’ ಅಂದರು.

‘ತಪ್ಪಾಯಿತು ಸರ್.’

‘ಒಬ್ಬಳ ಹೆಸರು ಸುಳ್ಳಾದರೆ ಇಡೀ ಟೀಮನ್ನು ತೆಗೆದು ಹಾಕ್ತಾರೆ. ಹನ್ನೆರಡು ಜನ ಮಕ್ಕಳು. ಹದಿನೈದಕ್ಕೆ ಮ್ಯಾಚು. ಅದು ಮುಗಿಯುವವರೆಗೆ ಸುಮ್ಮನಿರ್ಲಿಕ್ಕೆ ಆಗ್ತಿರಲಿಲ್ಲವಾ ನಿನಗೆ?’

ಆಗುತ್ತಿತ್ತು. ಎಂಟು ವರ್ಷ ಸುಮ್ಮನಿದ್ದವಳಿಗೆ ಹದಿನೈದು ದಿನ ಯಾವ ಲೆಕ್ಕ? ಆದರೆ ಫಾರ್ಮು ಬರೆಯುವುದು ನಾಳೆ. ಸರ್ ಎದ್ದು ಪ್ಯಾಂಟು ಕೊಡವಿಕೊಂಡರು. ‘ಸೋಮವಾರ ನೀನು ಯಾವ ಹೆಸರು ಬರೀತೀಯೋ ಬರಿ. ನಾನು ಹೆಡ್ ಮಾಸ್ಟರ ಹತ್ತಿರ ನಿನ್ನೊಟ್ಟಿಗೆ ಬರ್ತೇನೆ. ಆದರೆ ಬೇರೆ ಹೆಸರು ಬರೆದರೆ ಈ ಸಲ ಆಡ್ಲಿಕ್ಕಿಲ್ಲ, ತಿಳೀತಾ? ಪರೀಕ್ಷೆಯೂ ಒಂದು ವರ್ಷ ಹೋಗಬಹುದು’ ಅಂದರು. ನನಗೆ ಅವರು ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ನೇರ ಆಫೀಸಿಗೆ ಹೋದೆ. ಕ್ಲಾರ್ಕ್ ಪುಂಡರೀಕಾಕ್ಷ ಅವರಿಗೆ ಖೋಖೋಗೆ ಬೇಕು ಎಂದು ಹೇಳಿ ನಿನ್ನ ಟಿ.ಸಿ.ಯ ಪ್ರತಿ ಮಾಡಿಸಿದೆ. ‘ಎಂಥ ಖೋಖೋ ಮಾರಾಯ್ತಿ ನಿಮ್ಮದು, ಆಟಕ್ಕಿಂತ ಝೆರಾಕ್ಸೇ ಜಾಸ್ತಿ’ ಎಂದು ಗೊಣಗಿ ಸಿಕ್ಕಾ ಒತ್ತಿ ಕೊಟ್ಟರು. ಅದನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಮಡಿಸುವಾಗ ನಿನ್ನ ಹೆಸರಿನ ಮೇಲೆ ಗೆರೆ ಬೀಳದ ಹಾಗೆ ನೋಡಿಕೊಂಡೆ. ನಿಮ್ಮ ಹೆಡ್ ಮಾಸ್ತರರು ಇದನ್ನು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಮೂಲ ಕಾಗದ ಮುಂಬಯಿ ಕಡೆಯ ಶಾಲೆಯಲ್ಲಿ ಯಾಕೆ ಇದೆ ಎಂದು ಕೇಳಿದರೆ ಈ ಪತ್ರ ತೋರಿಸು. ಸತ್ಯಮ್ಮ ಟೀಚರರಿಗೆ ಕೊಡಬೇಡ ಎಂದು ಮೇಲೆ ಬರೆದೆನಲ್ಲ, ಆ ಸಾಲು ಹೊಡೆದು ಹಾಕು. ಮೊದಲು ನೀನು ಓದು, ಆಮೇಲೆ ಅವರಿಗೆ ಕೊಡು.

ನಾಳೆ ಫಾರ್ಮಿನಲ್ಲಿ ಸಾಬವ್ವ ಎಂದು ಬರೆಯುತ್ತೇನೆ. ಅಪ್ಪನಿಗೆ ಹೇಳಿಲ್ಲ. ಹೇಳಿದರೆ ಬರೆಯಲು ಬಿಡುವುದಿಲ್ಲ, ಹೇಳದೆ ಬರೆದರೆ ಏನು ಮಾಡುತ್ತಾನೋ. ಜೈಲಿನ ಮಾತು ಸುಳ್ಳೆಂದು ಸರ್ ಹೇಳಿದರೂ ಪೊಲೀಸ್ ಜೀಪು ಚಾಳಿನ ಬಾಯಿಗೆ ಬಂದ ಹಾಗೆ ಕಾಣುತ್ತದೆ. ಅಮಿತಾಳ ಮುಖ ಕಾಣುತ್ತದೆ. ಹತ್ತನೆಯತ್ತೆ ಇಲ್ಲ, ಟೀಮ್ ಇಲ್ಲ, ಮತ್ತೆ ಮರಳಿನ ಗುಡ್ಡೆ. ಇದು ಧೈರ್ಯ ಎಂದು ತಿಳಿಯಬೇಡ. ಬರೆಯದಿದ್ದರೆ ಆಗುವ ಹೆದರಿಕೆ ಬರೆದರೆ ಆಗುವ ಹೆದರಿಕೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ.

ಅಜ್ಜಿಯ ಪಾದಕ್ಕೆ ನನ್ನ ಹಣೆ ಹಚ್ಚಿದೆ ಎಂದು ಹೇಳು. ಗಣಿತಕ್ಕೆ ಹೆದರಬೇಡ, ಭಿನ್ನರಾಶಿ ಬಾರದಿದ್ದರೆ ಕೇಳು, ಬರೆದು ಕಳಿಸುತ್ತೇನೆ. ಚಿಕ್ಕವಳು ದೊಡ್ಡವಳಿಗೆ ಹರಸಬಾರದು ಅನ್ನುತ್ತಾರೆ. ಆದರೂ ನೀನು ಪಾಸಾಗು ಎಂದು ಹರಸುತ್ತೇನೆ. ನೀನು ನನಗೆ ಏನು ಹರಸುವೆಯೋ, ಹರಸದೆ ಇರುವೆಯೋ, ಅದು ನಿನ್ನದು.

ನಿನ್ನ ತಂಗಿ,
ಸಾಬವ್ವ

ತಾ.ಕ.: ಇದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಇದು ಟೀಚರರಿಗಲ್ಲ, ನಿನಗೆ ಮಾತ್ರ. ಆರು ವರ್ಷದ ಹಿಂದೆ ದೀಪಾವಳಿ ರಜೆಗೆ ನೀನು ಇಲ್ಲಿಗೆ ಬಂದಿದ್ದೆ. ನಿನ್ನನ್ನು ಇಲ್ಲೇ ಇಟ್ಟುಕೊಂಡು ಶಾಲೆಗೆ ಹಾಕಬೇಕೆಂದು ಅಪ್ಪ ನಿಶ್ಚಯ ಮಾಡಿದ್ದ. ಚಿಕ್ಕಮ್ಮ ಬಂದು ಅಜ್ಜಿಯನ್ನು ನೋಡಿಕೊಳ್ಳುತ್ತೇನೆ ಎಂದು ಒಪ್ಪಿದ್ದಳು. ಇದನ್ನು ನಿನಗೆ ಯಾರೂ ಹೇಳಲಿಲ್ಲ. ನೀನು ನೀರಿಗೆ ಹೋದಾಗ ನಾನು ಅಪ್ಪನ ಕಾಲು ಹಿಡಿದು ಅತ್ತೆ. ಅಕ್ಕ ಶಾಲೆಗೆ ಬಂದರೆ ನನ್ನನ್ನು ಏನಂತ ಕರೆಯುತ್ತಾರೆ, ಅವಳನ್ನು ಕಳಿಸಿಬಿಡು ಅಂದೆ. ನನಗೆ ಎಂಟು ವರ್ಷ, ಆದರೆ ಏನು ಕೇಳುತ್ತಿದ್ದೇನೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ಎದ್ದು ನಿನ್ನ ಚೀಲ ಕಟ್ಟಿದ. ಅಜ್ಜಿಗೆ ಹುಷಾರಿಲ್ಲ ಎಂದು ನಿನಗೆ ಹೇಳಿದ. ಕಲ್ಯಾಣ ಸ್ಟೇಷನ್ನಿನಲ್ಲಿ ನೀನು ಕಿಟಕಿಯಿಂದ ಕೈ ಹಾಕಿ ನನ್ನ ಕೆನ್ನೆ ಮುಟ್ಟಿ, ‘ಛಲೋ ಓದು ಸಾಬಿ, ಮುಂದಿನ ವರ್ಷ ನಾನೂ ಬರತೀನಿ’ ಅಂದಿ. ನಾನು ಹೂಂ ಅಂದೆ.