ಹೆಸರು ಕತ್ತರಿಸಿಹೋದ ಹಿರಿಯರ ಎಲೆ

ಮದ್ದೂರು, ಮೂರನೇ ಅಟ್ಟದ ಬೀದಿ
ಇಸವಿ ೨೧೮೯, ಪಿತೃಪಕ್ಷ

ಪೂಜ್ಯ ಕೆಂಪಾಜಮ್ಮಜ್ಜಿಯವರಿಗೆ ಸಣ್ಣತಾಯಮ್ಮ ಮಾಡುವ ನಮಸ್ಕಾರ. ತಾವು ಕ್ಷೇಮವೇ? ಅಜ್ಜ ಬೋರಲಿಂಗಯ್ಯನವರ ಮಂಡಿನೋವು ಹೇಗಿದೆ? ಮೊಮ್ಮಗು ತನುಜ ಚೆನ್ನಾಗಿ ಉಣ್ಣುತ್ತಾಳೆಯೇ? ಆ ತನುಜಳ ಮರಿಮಗಳು ನಾನು. ಈಗ ನನಗೆ ಎಂಬತ್ತು. ವಯಸ್ಸಿನಲ್ಲಿ ನಿಮಗಿಂತ ದೊಡ್ಡವಳಾದರೂ ಅಜ್ಜಿ ನೀವೇ. ತಾರೀಖು ನೋಡಿ ಗಾಬರಿಯಾಗಬೇಡಿ. ಹಿಂದಂಚೆ ಎಂಬುದೊಂದು ಬಂದಿದೆ, ಕಾಗದ ಕಳೆದ ಕಾಲಕ್ಕೂ ಹೋಗುತ್ತದೆ. ಕೈಯಲ್ಲಿ ಬರೆಯುವವರು ಈಗಿಲ್ಲ, ನಾನು ನನ್ನಷ್ಟಕ್ಕೇ ಕಲಿತವಳು. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ಹಿರಿಯರ ಹಬ್ಬ ಈಗಲೂ ನಡೆಯುತ್ತದೆ. ರಾಗಿ ಗೋಡೆಯ ಮೇಲೆ ಬೆಳೆಯುತ್ತದೆ, ಮುದ್ದೆ ಮಾತ್ರ ಕೈಯಲ್ಲೇ ಕಟ್ಟುತ್ತೇವೆ. ಬೀದಿಗೆಲ್ಲ ಒಂದೇ ಪಡಸಾಲೆ, ಅಲ್ಲಿ ಎಲ್ಲರ ಹಿರಿಯರಿಗೂ ಸಾಲಾಗಿ ಎಡೆ. ಫೋಟೋಗಳ ಜಾಗದಲ್ಲಿ ಮಾತುಪಟಗಳಿವೆ, ಅಂದರೆ ಸತ್ತವರ ದನಿಯಲ್ಲೇ ಉತ್ತರ ಕೊಡುವ ಪಟಗಳು. ಉಪ್ಪು ಸಾಕೇ ಎಂದರೆ ನಮ್ಮತ್ತೆ ಇನ್ನೊಂದು ಚಿಟಿಕೆ ಎನ್ನುತ್ತಾರೆ, ಬದುಕಿದ್ದಾಗಿನಂತೆಯೇ. ಮನೆಯ ಪ್ರತಿ ಮಗುವಿಗೂ ಒಬ್ಬ ಹಿರಿಯರ ಎಲೆ ಬಡಿಸುವ ಪಾಲು ಬರುತ್ತದೆ. ಚಿಕ್ಕಂದಿನಲ್ಲಿ ನನ್ನ ಪಾಲಿಗೆ ಬಂದವರು ಮಾತಾಡದ ಒಂದು ಕಾಗದದ ಪಟ. ಮೈಸೂರಿಗೆ ಓಡಿಹೋದ ದೊಡ್ಡಪ್ಪನೆಂದು ಹೇಳಿದ್ದರು. ಕುರಿಯ ಈಲಿ ಸಾರು, ಬೀಡಿ, ಎಲ್ಲ ಇಟ್ಟಿದ್ದೇನೆ. ಬೇರೆ ಮಕ್ಕಳ ಹಿರಿಯರು ಗದರುತ್ತಿದ್ದರು, ಇವರು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಅಕ್ಷರ ತಿದ್ದಿದ್ದೂ ಅವರ ಎದುರಿಗೇ.

ಮೊನ್ನೆ ಐರ್ಲೆಂಡಿನಿಂದ ಬಂದ ಡಾಕ್ಟರಮ್ಮ ಆ ಪಟ ನೋಡಿ ಎದ್ದು ನಿಂತುಬಿಟ್ಟರು. ಬ್ರಿಟಿಷರ ಮೇಲೆ ದಂಗೆಯೆದ್ದು ಗುಂಡಿಗೆ ಬಲಿಯಾದ ತಮ್ಮ ಜನರ ಮುಖಗಳನ್ನು ಅವರ ನಾಡಿನವರು ನೆನಪಿಗೆಂದು ಅಂಚೆ ಕಾರ್ಡಿನಲ್ಲಿ ಅಚ್ಚುಹಾಕಿ ಹಂಚುತ್ತಿದ್ದರಂತೆ. ಇದು ಅಂಥ ಕಾರ್ಡು. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೆ ಹೋಗಿದ್ದ ನಿಮ್ಮ ಮಾವನವರ ತಂದೆ ತಂದದ್ದಿರಬೇಕು. ಯಾರ ಮುಖವೆಂದು ಆಕೆಗೂ ತಿಳಿಯಲಿಲ್ಲ. ಇಷ್ಟು ವರ್ಷ ಹಚ್ಚಿದ ಕುಂಕುಮ ಹಣೆಯನ್ನೂ ಕಣ್ಣನ್ನೂ ಮುಚ್ಚಿಬಿಟ್ಟಿದೆ. ಹೆಸರಿದ್ದ ಅಡಿಭಾಗವನ್ನು ಫ್ರೇಮಿಗೆ ಹೊಂದಲೆಂದು ಯಾರೋ ಕತ್ತರಿಸಿದ್ದಾರೆ.

ಪಡಸಾಲೆಯ ಯಜಮಾನ ಕಾಳಯ್ಯನಿಗೆ ಅಷ್ಟೇ ಸಾಕಾಯಿತು. "ಆ ಮೂಗು ನೋಡು ಅತ್ತೆ, ನಮ್ ವಂಸದಾಗೆ ಯಾರ್ಗಿತ್ತು? ಹೆಸ್ರು ಕೂಗಕ್ಕಾಗ್ದೋರ್ಗೆ ಎಲೆ ಹಾಕಕ್ಕಿಲ್ಲ" ಎಂದ. "ಮೂಗ್ ನೋಡಿ ಎಲೆ ಹಾಕಂಗಿದ್ರೆ ನಿಮ್ಮಪ್ಪ ಉಪಾಸ ಇರ್ಬೇಕಿತ್ತು ಕಣ್ಲಾ" ಎಂದೆ. ಎಲ್ಲರೂ ನಕ್ಕರು, ಅವನೂ ನಕ್ಕ. ಆದರೂ ಕಟ್ಟಳೆ ಕಟ್ಟಳೆಯೇ. ಎಲೆಯ ಮುಂದೆ ಹೆಸರು ಹಿಡಿದು ಕೂಗಬೇಕು. ಹೆಸರಿಲ್ಲದಿದ್ದರೆ ಅಮಾವಾಸ್ಯೆಯಿಂದ ಅವರು ಸಾಲಿನಲ್ಲಿ ಇರುವುದಿಲ್ಲ.

ನಮ್ಮವರಲ್ಲ ಎಂದು ತಿಳಿದ ಮೇಲೆ ನನಗೆ ಅವರ ಮೇಲೆ ಮಮತೆ ಇನ್ನೂ ಹೆಚ್ಚಿದೆ. ತನ್ನವರಿಗಾಗಿ ಪ್ರಾಣ ಕೊಟ್ಟವರು, ಯಾರದೋ ಹೆಸರಿನಲ್ಲಿ ಕರೆದರೂ ನಮ್ಮ ಮನೆಯಲ್ಲಿ ಉಂಡರಲ್ಲ! ಈಗ ಎಲೆಯ ಮುಂದಿನಿಂದ ಹೇಗೆ ಎಬ್ಬಿಸಲಿ?

ಫ್ರೇಮು ಹಾಕಿಸಿದ್ದು ತನುಜಳ ಮದುವೆಯ ನಂತರವಂತೆ. ಆದ್ದರಿಂದ ನಿಮ್ಮ ಕಾಲದಲ್ಲಿ ಕಾರ್ಡು ಇಡಿಯಾಗಿ ಮನೆಯ ಯಾವುದೋ ಟ್ರಂಕಿನಲ್ಲಿರಬೇಕು. ದಯವಿಟ್ಟು ಹುಡುಕಿ, ಮುಖದ ಕೆಳಗಿನ ಹೆಸರನ್ನು ಇದ್ದಂತೆಯೇ ನೋಡಿಕೊಂಡು ಕಾರ್ಡಿನ ಬೆನ್ನಿಗೆ, ನಟ್ಟನಡುವೆ, ಕತ್ತರಿ ತಾಗದ ಕಡೆ ಬರೆಯಿರಿ. ಉತ್ತರಕ್ಕೆ ಬೇರೆ ಅಂಚೆ ಬೇಡ, ನೀವು ಬರೆಯುವ ಆ ಕಾರ್ಡೇ ಈಗ ನನ್ನ ಫ್ರೇಮಿನಲ್ಲಿದೆ. ಹಿರಿಯರ ಫ್ರೇಮನ್ನು ಎಡೆಯ ದಿನವಲ್ಲದೆ ಬಿಚ್ಚಬಾರದೆಂಬುದು ನಮ್ಮ ಪದ್ಧತಿ, ಹಾಗಾಗಿ ನಾನಿನ್ನೂ ಬೆನ್ನು ನೋಡಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಎಲೆ ಹಾಸಿಟ್ಟೇ ಬಿಚ್ಚುತ್ತೇನೆ.

ಅಜ್ಜಿ, ಬೇಗ ಬರೆಯಿರಿ.

ನಿಮ್ಮ ಕುಡಿ,
ಸಣ್ಣತಾಯಮ್ಮ