ಶಾಲು ಹೊದಿಸಿ ಕ್ಷಮೆ ಕೇಳಿದರು, ನಾಯ್ನ

ನಾಯ್ನ,

ನಿನ್ನ ದೊಡ್ಡ ಮಗಳು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಹೊಟ್ಟೆ ಉರಿಯುತ್ತಿದೆ.

ಹೋದ ತಿಂಗಳು ಶ್ರೀನಿವಾಸಪುರದಲ್ಲಿ ಸಭೆ ಮಾಡಿ ನಮ್ಮ ಕೊರಚ ಜನರನ್ನೆಲ್ಲ ಕರೆದಿದ್ದರು. ದೊಡ್ಡ ಅಧಿಕಾರಿಯೊಬ್ಬರು ಮೈಕಿನ ಮುಂದೆ ನಿಂತು, "ಬ್ರಿಟಿಷರು ಕೊರಚರನ್ನ ಹುಟ್ಟುಗಳ್ಳರು ಅಂತ ಪಟ್ಟಿಗೆ ಸೇರಿಸಿದ್ದು ಘೋರ ತಪ್ಪು. ಸರ್ಕಾರದ ಪರವಾಗಿ ಕ್ಷಮೆ ಕೇಳ್ತೀನಿ" ಎಂದರು. ಚಪ್ಪಾಳೆಯೋ ಚಪ್ಪಾಳೆ. ನನಗೂ ಒಂದು ಶಾಲು ಹೊದಿಸಿದರು. ಸುಳ್ಳೇಕೆ, ಇದನ್ನು ನೋಡಲು ನೀನು ಬದುಕಿಲ್ಲವಲ್ಲ ಎಂದು ನೆನೆದು ಅಲ್ಲೇ ಅತ್ತುಬಿಟ್ಟೆ. ಮನೆಗೆ ಬಂದ ಮೇಲೆ ತಲೆಗೆ ಹೊಳೆಯಿತು. ಬ್ರಿಟಿಷರು ಹೋದ ಮೇಲೆ ಹುಟ್ಟಿದವನು ನೀನು! ಠಾಣೆಯಲ್ಲಿ ನಿನ್ನ ಕೆನ್ನೆಗೆ ಬಾರಿಸಿದವರು ಯಾವ ಬಿಳಿ ದೊರೆಗಳು? ನಮ್ಮವರೇ ಅಲ್ಲವೇ? ಅವರ ಪರವಾಗಿ ಯಾರು ಕೇಳಬೇಕು...

ನಿನ್ನ ಆ ಅಭ್ಯಾಸ ನೆನಪಿದೆಯೇ? ಸುತ್ತಮುತ್ತ ಎಲ್ಲೇ ಕಳವಾಗಲಿ, ಯಾರೂ ಕರೆಯುವ ಮೊದಲೇ, ಹೆಣೆಯುತ್ತಿದ್ದ ಬಿದಿರು ಬುಟ್ಟಿ ಬಿಟ್ಟೆದ್ದು ಹೋಗಿ ಠಾಣೆ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ಯಾಕೆ ಎಂದು ಕೇಳಿದರೆ, "ನಾನೇ ಹೋದ್ರೆ ಎರಡೇಟು ಕಮ್ಮಿ ಕಣಮ್ಮ. ಅವರು ಬಂದ್ರೆ ನಿಮ್ಮೆದುರೇ ಹೊಡೀತಾರೆ" ಎನ್ನುತ್ತಿದ್ದೆ. ಮಾವಿನ ಕಾಲ ಬಂದರೆ ಯಲ್ದೂರಿನ ತೋಟಗಳಿಗೆಲ್ಲ ನಿನ್ನ ಬುಟ್ಟಿಯೇ ಬೇಕು, ನೀನು ಮಾತ್ರ ಕಳ್ಳ. ಯಾವ ಸೀಮೆ ನ್ಯಾಯ ಅದು?

ಮೊನ್ನೆ ಪಕ್ಕದೂರಿನ ತೋಟದಲ್ಲಿ ಪಂಪ್‌ಸೆಟ್ಟಿನ ಮೋಟಾರು ಕಳವಾಯಿತು. ಸುದ್ದಿ ಕಿವಿಗೆ ಬಿದ್ದದ್ದೇ ತಮ್ಮ ವೆಂಕಟೇಶ ಅಂಗಿ ಹಾಕಿಕೊಂಡ. "ಎಲ್ಲಿಗೋ?" ಎಂದೆ. "ಸ್ಟೇಷನ್‌ಗೆ ಹೋಗ್ಬರ್ತೀನಕ್ಕ. ನಾಯ್ನ ಹೋಗ್ತಿರ್ಲಿಲ್ವಾ?" ಎರಡು ಮಕ್ಕಳ ಅಪ್ಪ ಅವನು! ನಿನ್ನ ಮೇಲೂ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ನಮ್ಮನ್ನು ಉಳಿಸಲು ಹೋಗಿ ನೀನು ಅವನಿಗೆ ಇದನ್ನೂ ಕಲಿಸಿಬಿಟ್ಟೆಯಲ್ಲ.

"ಕೂತ್ಕೊಳ್ಳೋ ಸುಮ್ನೆ! ಏನ್ ಕದ್ದಿದ್ದೀಯ ನೀನು?" ಎಂದು ಬಾಗಿಲಿಗೆ ಅಡ್ಡ ನಿಂತೆ. ಮಧ್ಯಾಹ್ನ ಇಬ್ಬರು ಪೊಲೀಸರು ಬಂದರು. ಬೇರೆಲ್ಲಿಗೂ ಇಲ್ಲ, ನೆಟ್ಟಗೆ ನಮ್ಮ ಕೇರಿಗೆ. "ನಿನ್ನ ತಮ್ಮನ್ನ ಕಳ್ಸಮ್ಮ" ಎಂದರು. ನಾನು ಬಾಗಿಲು ಬಿಟ್ಟು ಕದಲದೆ ಕೇಳಿದೆ ನಾಯ್ನ. "ನೋಟೀಸ್ ತಂದಿದ್ದೀರಾ ಸಾರ್? ಯಾಕೆ ಅಂತ ಬರ್ಕೊಡಿ. ನಾನೂ ಜೊತೇಲಿ ಬರ್ತೀನಿ." ಅವರ ಬಳಿ ನೋಟೀಸೇ ಇರಲಿಲ್ಲ. "ಬಾಯಿ ಜಾಸ್ತಿ ಆಯ್ತು ನಿಮ್ದು" ಎಂದು ಬೈದುಕೊಂಡು ಹೋದರು. ಮತ್ತೆ ಬರಬಹುದು. ಬರಲಿ.

ನಿನಗೆ ತಿಳಿಸಬೇಕಾದ ಸುದ್ದಿ ಆ ಸಭೆಯದಲ್ಲ, ಇದು. ಪಕ್ಕದೂರಲ್ಲಿ ಕಳವಾಯಿತು ನಾಯ್ನ, ನಮ್ಮ ಮನೆಯಿಂದ ಯಾರೂ ಹೋಗಿ ಠಾಣೆ ಮುಂದೆ ಕೂರಲಿಲ್ಲ.